ಮಕ್ಕಳು ಬರೆದ ಕುಲುಮೆ

1937ರಿಂದ 1939ರವರೆಗೆ ಐರ್ಲೆಂಡಿನ ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಯ ಮಕ್ಕಳು ಪ್ರಬಂಧದ ಬದಲು ಊರಿನ ಹಿರಿಯರು ಹೇಳಿದ್ದನ್ನು ಬರೆದರು. ಜಾನಪದ ಆಯೋಗದ ಷಾನ್ ಓ ಸೂಲಿವಾನ್ ಇದಕ್ಕೆಂದು ಶಿಕ್ಷಕರಿಗೊಂದು ಪ್ರಶ್ನೆಗಳ ಕೈಪಿಡಿ ಮಾಡಿಕೊಟ್ಟಿದ್ದರು. ಸುಮಾರು 5,000 ಶಾಲೆಗಳ 50,000 ಮಕ್ಕಳು ಕೈಜೋಡಿಸಿದರು. ಹಳ್ಳಿಯ ಕಸುಬುಗಳ ಬಗ್ಗೆ ಇಷ್ಟು ದೊಡ್ಡ ದಾಖಲೆ ಸಿಗುವುದು ಅಪರೂಪ. ಆದರೆ ದೊಡ್ಡದೆಂದ ಮಾತ್ರಕ್ಕೆ ಎಲ್ಲವೂ ಅದರಲ್ಲಿದೆ ಎಂದುಕೊಳ್ಳಬಾರದು.

ಸಂಗ್ರಹದ ಜೀವಾಳ ಕುಲುಮೆಯ ಪುಟಗಳು. ಗಾಡಿಚಕ್ರಕ್ಕೆ ಹಳಿ ಹಾಕುವುದು ಬಯಲಲ್ಲಿ ನಡೆಯುವ ಕೆಲಸ, ಶಾಲೆಗೆ ಹೋಗುವ ದಾರಿಯಲ್ಲೇ ಮಕ್ಕಳ ಕಣ್ಣಿಗೆ ಬೀಳುತ್ತಿತ್ತು. ಕಬ್ಬಿಣದ ಬಳೆಯ ಸುತ್ತ ಪೀಟ್ ಎಂಬ ಜೌಗುಮಣ್ಣಿನ ಉರುವಲಿನ ಹೆಂಟೆ ಪೇರಿಸಿ ಬೆಂಕಿ ಹಚ್ಚುತ್ತಾರೆ. ಕೆಂಪಗೆ ಕಾದದ್ದನ್ನು ಇಕ್ಕಳದಲ್ಲಿ ಎತ್ತಿ ಮರದ ಚಕ್ರಕ್ಕೆ ತೊಡಿಸಿ, ಮರ ಸುಡುವ ಮೊದಲೇ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಅರೆಗಳನ್ನೆಲ್ಲ ಅಮುಕಿ ಹಿಡಿಯುತ್ತದೆ. ಕಬ್ಬಿಣ ಅದ್ದಿದ ನೀರಿನಿಂದ ನರುಲಿ ವಾಸಿಯಾಗುತ್ತದೆಂಬ ನಂಬಿಕೆಯೂ, ಕಮ್ಮಾರನ ಶಾಪದ ಭಯವೂ ಇದೇ ಪುಟಗಳಲ್ಲಿವೆ. ಕಸುಬುದಾರನಿಗೆ ಊರಲ್ಲಿದ್ದ ಗೌರವ, ಅಂಜಿಕೆ ಎರಡೂ ಇಲ್ಲಿ ಸಿಕ್ಕಷ್ಟು ಯಾವ ತಜ್ಞನ ಗ್ರಂಥದಲ್ಲೂ ಸಿಗಲಾರದು.

ಕೈಚಳಕದ ವಿಷಯಕ್ಕೆ ಬಂದರೆ ಬರಹ ಸೋಲುತ್ತದೆ. ಪಶ್ಚಿಮ ಕರಾವಳಿಯವರು ಬೆನ್ನಿಗೆ ಹೊರುವ ಬುಟ್ಟಿಯನ್ನು ತಲೆಕೆಳಗಾಗಿ ಹೆಣೆಯುತ್ತಿದ್ದರು: ವಿಲೋ ಕಡ್ಡಿಗಳನ್ನು ನೆಲಕ್ಕೆ ಚುಚ್ಚಿ ಮೊದಲು ಬಾಯಿ, ಕಡೆಗೆ ತಳ. ಕಡ್ಡಿ ಎಲ್ಲಿ ಬಾಗಬೇಕು, ಎಷ್ಟು ಬಿಗಿಯಬೇಕು ಎಂಬುದು ಅಕ್ಷರಕ್ಕೆ ಸಿಗುವ ಮಾತಲ್ಲ. ಆ ಕೊರತೆಯನ್ನು ತುಂಬಿದ್ದು 1978ರಿಂದ ಐರ್ಲೆಂಡಿನ ಆರ್‌ಟಿಇ ವಾಹಿನಿಯಲ್ಲಿ ಬಂದ ‘ಹ್ಯಾಂಡ್ಸ್’ ಸರಣಿ. ಡೇವಿಡ್ ಮತ್ತು ಸ್ಯಾಲಿ ಷಾ-ಸ್ಮಿತ್ ದಂಪತಿ ಮಾಡಿದ 37 ಚಿತ್ರಗಳಲ್ಲಿ ಕ್ಯಾಮೆರಾ ಆತುರವಿಲ್ಲದೆ ಕೈಯನ್ನೇ ನೋಡುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಕಸುಬುಗಳಿಗೆ ಕೊನೆಯ ತಲೆಮಾರಷ್ಟೇ ಉಳಿದಿತ್ತು ಎನ್ನುವುದು ಬೇರೆ ಮಾತು.

ನನ್ನ ದೊಡ್ಡ ತಕರಾರು ಇನ್ನೊಂದು. ಊರೂರು ತಿರುಗಿ ತಗಡಿನ ಪಾತ್ರೆ ಮಾಡಿ ಮಾರುತ್ತಿದ್ದ ಅಲೆಮಾರಿಗಳ ಬಗ್ಗೆಯೂ ಕೈಪಿಡಿಯಲ್ಲಿ ಪ್ರಶ್ನೆಗಳಿದ್ದವು. ಉತ್ತರ ಕೊಟ್ಟವರು ಮಾತ್ರ ಬಹುಪಾಲು ಮನೆಮಠವಿದ್ದವರ ಮಕ್ಕಳು. ಹಾಗಾಗಿ ತಗಡಿನವನು ಕುಶಲಕರ್ಮಿ ಎನ್ನುವುದಕ್ಕಿಂತ ಬಾಗಿಲಿಗೆ ಬಂದ ಬೇಡುವವನಾಗಿಯೇ ಹೆಚ್ಚು ಕಾಣುತ್ತಾನೆ. ಗಡಿಯಾಚೆಯ ಉತ್ತರ ಐರ್ಲೆಂಡಿನ ಆರು ಕೌಂಟಿಗಳಂತೂ ಸಂಗ್ರಹದಲ್ಲೇ ಇಲ್ಲ.

ಈ ಪುಟಗಳು ‘ದೂಖಸ್’ ಜಾಲತಾಣದಲ್ಲಿ ಮೂಲ ಕೈಬರಹದಲ್ಲೇ ಉಚಿತವಾಗಿ ಓದಲು ಸಿಗುತ್ತವೆ. ಓದುವವರು ಕುಲುಮೆಯಿಂದ ಶುರುಮಾಡಲಿ. ತಗಡಿನವರ ಪುಟಕ್ಕೆ ಬಂದಾಗ, ಬರೆದವರು ಯಾರ ಮನೆಯ ಮಕ್ಕಳು ಎಂಬುದು ನೆನಪಿರಲಿ.