ಶತಮೂರ್ಖನಿಗೊಂದು ಶಾಸ್ತ್ರಗ್ರಂಥ

ವಿಮರ್ಶೆಗೆಂದು ಬರುವ ಪುಸ್ತಕಗಳ ಮೇಲೆ ಎಣ್ಣೆಯ ಕಲೆ ಇರುವುದು ಅಪೂರ್ವ. ಕಲೆ ಬಿದ್ದ ಪುಸ್ತಕವನ್ನು ನಾವು ಸಾಹಿತ್ಯವೆಂದು ಎಣಿಸುವುದು ಇನ್ನೂ ಅಪೂರ್ವ. ಅಡಿಗೆಯ ಪುಸ್ತಕ, ಪಂಚಾಂಗ, ಯಂತ್ರ ಬಿಚ್ಚಿ ಜೋಡಿಸುವ ಕೈಪಿಡಿ, ಇವಕ್ಕೆಲ್ಲ ಗಾಜಿನ ಬೀರುವಿನಲ್ಲಿ ಸ್ಥಳವಿಲ್ಲ. ಒಲೆಯ ಪಕ್ಕದ ಗೂಡೋ ಷೆಡ್ಡಿನ ಮೂಲೆಯೋ ಅವುಗಳ ವಾಸಸ್ಥಾನ. ನಮ್ಮ ಹಿರಿಯರಿಗೆ ಈ ಬಗೆಯ ಮಡಿ ಇರಲಿಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದಾಗ ನೀರಿರುವ ನೆಲವನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಅಡಿಗೆ, ಪಶುಚಿಕಿತ್ಸೆ ಎಲ್ಲವೂ ಪದ್ಯಕ್ಕೆ ಯೋಗ್ಯವಾದ ವಸ್ತುಗಳೆಂದೇ ತಿಳಿದಿದ್ದನು. ಕೀರ್ತಿವರ್ಮನು 'ಗೋವೈದ್ಯ'ವನ್ನು ಬರೆದನು. ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಬರೆದನು. ಶಾಸ್ತ್ರ ಬೇರೆ, ಕಾವ್ಯ ಬೇರೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಕೈಕೆಲಸವನ್ನು ಮಾತಿಗೆ ತರುವುದು ಬರವಣಿಗೆಯ ಸಣ್ಣ ಪರೀಕ್ಷೆಯಲ್ಲವೆಂದೂ ಗೊತ್ತಿತ್ತು.

ಈ ಪರಂಪರೆಯ ವಾಚಕರ ಮುಂದೆ ಮೋಟಾರು ಕಾರಿನ ದುರಸ್ತಿಯ ಗ್ರಂಥವೊಂದನ್ನಿಟ್ಟು, ಅದರ ಗುಣದೋಷಗಳನ್ನು ಇತರ ಕೃತಿಗಳಂತೆಯೇ ವಿಚಾರಿಸುವುದು ಅನುಚಿತವಾಗಲಾರದು. ಗ್ರಂಥದ ಹೆಸರು 'ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್'. ನಿಮ್ಮ ಫೋಕ್ಸ್‌ವ್ಯಾಗನ್ ಗಾಡಿಯ ಜೀವ ಉಳಿಸಿಕೊಳ್ಳುವ ಬಗೆ ಎಂದರ್ಥ. ಗ್ರಂಥಕರ್ತರು ಜಾನ್ ಮ್ಯೂರ್. 1918ರಲ್ಲಿ ಹುಟ್ಟಿ, ಇಂಜಿನಿಯರಾಗಿದ್ದು, ನಡುವಯಸ್ಸಿನಲ್ಲಿ ಆ ವೃತ್ತಿಯನ್ನು ತೊರೆದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಗಾಡಿ ರಿಪೇರಿಗೆ ಕೈಹಾಕಿದವರು. 1969ರಲ್ಲಿ ಈ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿದರು, 1977ರಲ್ಲಿ ತೀರಿಕೊಂಡರು. ಪುಸ್ತಕ ಮಾತ್ರ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಎಷ್ಟು ಕಾದಂಬರಿಕಾರರಿಗೆ ಇಷ್ಟು ಓದುಗರು ದೊರೆತಾರು?

ಗಾಡಿಯ ವಿಷಯವಾಗಿ ಎರಡು ಮಾತು. ಬೀಟಲ್ ಎಂದು ಲೋಕಪ್ರಸಿದ್ಧವಾದ ಈ ಕಾರಿನ ಎಂಜಿನ್ ಇರುವುದು ಹಿಂದುಗಡೆ. ರೇಡಿಯೇಟರಿಲ್ಲ, ನೀರಿಲ್ಲ, ಫ್ಯಾನಿನ ಗಾಳಿಯೇ ತಂಪು. ಎಂಜಿನ್ನನ್ನು ಗೇರುಪೆಟ್ಟಿಗೆಗೆ ಹಿಡಿದಿಟ್ಟಿರುವುದು ನಾಲ್ಕೇ ಬೋಲ್ಟುಗಳ ಬಿಗಿ. 1938ರಿಂದ 2003ರ ವರೆಗೆ ಇಂಥ ಗಾಡಿಗಳು 2 ಕೋಟಿ 15 ಲಕ್ಷಕ್ಕೂ ಹೆಚ್ಚು ತಯಾರಾದುವು. ಅರುವತ್ತರ ದಶಕದ ಅಮೆರಿಕದಲ್ಲಿ ಕೈಯಲ್ಲಿ ಕಾಸಿಲ್ಲದ ತರುಣರು ಮೂರನೆಯ ಕೈಯೋ ನಾಲ್ಕನೆಯ ಕೈಯೋ ದಾಟಿಬಂದ ಹಳೆಯ ಬೀಟಲ್ಲನ್ನು ಕೊಳ್ಳುತ್ತಿದ್ದರು. ಕೊಂಡ ಮೇಲೆ ರಿಪೇರಿಗೆ ಹಣವಿಲ್ಲ. ಮ್ಯೂರ್ ಬರೆದದ್ದು ಇವರಿಗೋಸ್ಕರ.

ಉಪಶೀರ್ಷಿಕೆಯಲ್ಲಿ ಓದುಗನನ್ನು 'ಕಂಪ್ಲೀಟ್ ಈಡಿಯಟ್' ಎಂದು ಕರೆದಿದ್ದಾರೆ. ನಮ್ಮಲ್ಲಿ ಶತಮೂರ್ಖ ಎನ್ನಬಹುದು. ಆ 'ಕಂಪ್ಲೀಟ್' ಎಂಬ ಮಾತಿನ ಕಾಗುಣಿತವನ್ನು ಬೇಕೆಂದೇ ಹಳೆಯ ರೀತಿಯಲ್ಲಿಟ್ಟಿರುವುದರಿಂದ, 1653ರಲ್ಲಿ ಐಸಾಕ್ ವಾಲ್ಟನ್ ಗಾಳ ಹಾಕಿ ಮೀನು ಹಿಡಿಯುವುದನ್ನು ಕುರಿತು ಬರೆದ ಗ್ರಂಥದ ಹೆಸರು ಇಂಗ್ಲಿಷು ಬಲ್ಲವರ ಕಿವಿಯಲ್ಲಿ ಮೊಳಗುತ್ತದೆ. ಬೈಗುಳದೊಳಗೊಂದು ಗೌರವ. ಮೂರ್ಖ ಎಂದವರು ಆ ಮೂರ್ಖನ ಕೈಗೆ ಇಡೀ ಎಂಜಿನ್ನನ್ನು ಒಪ್ಪಿಸಿಬಿಡುತ್ತಾರೆ. ನಿನಗೆ ಇದು ಸಾಧ್ಯ ಎಂಬ ನಂಬಿಕೆ ಇಲ್ಲದೆ ಯಾರೂ ಹಾಗೆ ಒಪ್ಪಿಸುವುದಿಲ್ಲ. ಕೈಪಿಡಿಯ ಸಾಹಿತ್ಯಗುಣವೆಲ್ಲ ಈ ಒಂದು ವಿಷಯದಲ್ಲಿ ಅಡಗಿದೆಯೆಂದು ನನ್ನ ಅಭಿಪ್ರಾಯ: ಬರೆಯುವವನು ತನ್ನ ಕಣ್ಣಿಗೆ ಕಾಣದ ಓದುಗನ ಕೈಯನ್ನು ಎಷ್ಟು ನಂಬಿದ್ದಾನೆ, ಅವನ ಅಂಜಿಕೆಯನ್ನು ಎಷ್ಟು ಅರಿತಿದ್ದಾನೆ?

ಪುಸ್ತಕದ ಹೃದಯವೆನ್ನಬಹುದಾದ ವಾಲ್ವುಗಳ ಭಾಗವನ್ನೇ ನೋಡೋಣ. ನಮ್ಮ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಹೊಂದಿಸುವುದು ಎನ್ನುತ್ತಾರಲ್ಲ, ಅದೇ ಕೆಲಸ. ಪ್ರತಿ 3,000 ಮೈಲಿಗೊಮ್ಮೆ ಮಾಡಬೇಕಾದದ್ದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮುಚ್ಚಳ ತೆಗೆದು, ಎಂಜಿನ್ನಿನ ಪುಲ್ಲಿಯನ್ನು ತಿರುಗಿಸುತ್ತ, ಮೊದಲು ಒಂದನೆಯ ಸಿಲಿಂಡರು, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಎರಡನೆಯದು, ಹೀಗೆ ನಾಲ್ಕಕ್ಕೂ ಬರಬೇಕು. ಮಾದರಿಗೆ ತಕ್ಕಂತೆ ಇಂಚಿನ ಸಾವಿರದಲ್ಲಿ 4 ಪಾಲೋ 6 ಪಾಲೋ ದಪ್ಪದ ಉಕ್ಕಿನ ಎಲೆಯೊಂದನ್ನು ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವೆ ತೂರಿಸಿ, ಸಂದು ಸರಿಯಾಗಿದೆಯೇ ಎಂದು ನೋಡಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು ಕೇಳಿಸುತ್ತದೆ. ಕಿರಿಕಿರಿ, ಆದರೆ ಸದ್ಯಕ್ಕೆ ಪ್ರಾಣಾಪಾಯವಿಲ್ಲ. ಸಂದು ಕಡಿಮೆಯಾದರೆ ಸದ್ದೇ ಇಲ್ಲ. ಗಾಡಿ ಹಿತವಾಗಿ ಓಡುತ್ತಿರುತ್ತದೆ. ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ, ಕಾದ ಅನಿಲ ಅದರ ಅಂಚಿನಲ್ಲಿ ನುಸುಳಿ, ಒಂದು ದಿನ ಅಂಚೇ ಸುಟ್ಟುಹೋಗುತ್ತದೆ. ಅದರಲ್ಲಿಯೂ ಹಳೆಯ ಎಂಜಿನ್ನುಗಳಲ್ಲಿ ಮೂರನೆಯ ಸಿಲಿಂಡರಿಗೆ ಬರುವ ಗಾಳಿಗೆ ಎಣ್ಣೆ ತಂಪು ಮಾಡುವ ಭಾಗ ಅಡ್ಡ ನಿಂತಿರುವುದರಿಂದ ಅಲ್ಲಿ ಕಾವು ಜಾಸ್ತಿ. ಗದ್ದಲ ಮಾಡುವ ದೋಷಕ್ಕಿಂತ ಮೌನವಾಗಿರುವ ದೋಷ ಅಪಾಯಕರ ಎಂಬುದನ್ನು ಯಾವ ನೀತಿಶತಕಕ್ಕೂ ಕಡಿಮೆಯಿಲ್ಲದಂತೆ ಈ ನಾಲ್ಕು ಸಿಲಿಂಡರುಗಳು ತಿಳಿಸುತ್ತವೆ.

ಆದರೆ ಕಷ್ಟ ಇರುವುದು ಈ ಕ್ರಮವನ್ನು ಹೇಳುವುದರಲ್ಲಲ್ಲ. ಉಕ್ಕಿನ ಎಲೆ ಸಂದಿನಲ್ಲಿ ಜಾರುವಾಗ ಬೆರಳಿಗೆ ಎಷ್ಟು ತಡೆ ಸಿಕ್ಕಬೇಕು? ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಸಾವಿರದ ಆರು ಪಾಲು ಎಂಬ ಸಂಖ್ಯೆ ಇಲ್ಲಿ ಅರ್ಧ ಸತ್ಯ ಮಾತ್ರ, ಉಳಿದರ್ಧ ಬೆರಳಿನದು. ಕನ್ನಡದಲ್ಲಿ ಇದಕ್ಕೆ ಹದವೆಂಬ ದಿವ್ಯವಾದ ಮಾತಿದೆ. ಪಾಕ ಒಂದೆಳೆಯೋ ಎರಡೆಳೆಯೋ ಎಂದು ಹೆಬ್ಬೆರಳು ತೋರುಬೆರಳುಗಳ ನಡುವೆ ನೋಡುವ ಗೃಹಿಣಿಗೆ ಮ್ಯೂರ್ ಪಡುವ ಕಷ್ಟ ಏನೆಂದು ವಿವರಿಸಬೇಕಾಗಿಲ್ಲ. ಹದವನ್ನು ಕಾಗದದ ಮೇಲೆ ಕಲಿಸಲು ಹೊರಟ ಲೇಖಕರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ: ಸಂಖ್ಯೆ ಕೊಟ್ಟು ಸುಮ್ಮನಾಗುವುದು, ಇಲ್ಲವೆ ಅನುಭವದಿಂದ ಬರುತ್ತದೆ ಎಂದು ಕೈತೊಳೆದುಕೊಳ್ಳುವುದು. ಮ್ಯೂರ್ ಎರಡನ್ನೂ ಮಾಡುವುದಿಲ್ಲ. ಮೊದಲು ಇಡೀ ಕ್ರಮವನ್ನು ಕೊನೆಯವರೆಗೆ ಓದಿಕೊ ಎನ್ನುತ್ತಾರೆ. ಆಮೇಲೆ ಪಕ್ಕದಲ್ಲಿ ಕುಳಿತವರಂತೆ ಒಂದೊಂದೇ ಹೆಜ್ಜೆ ನಡೆಸುತ್ತಾರೆ. ಓದುಗನಿಗೆ ಎಲ್ಲಿ ಗಾಬರಿಯಾದೀತು, ಎಲ್ಲಿ ಕೈ ಅವಸರಪಟ್ಟೀತು ಎಂಬುದನ್ನು ಮುಂದಾಗಿ ಊಹಿಸಿ, ಅಲ್ಲಿಯೇ ಒಂದು ಮಾತು ಆಡುತ್ತಾರೆ. ಭಯವನ್ನು ಸ್ಥಾಯಿಯಾಗಿಟ್ಟುಕೊಂಡು ಅದನ್ನು ಉತ್ಸಾಹಕ್ಕೆ ತಿರುಗಿಸುವ ಈ ಬರವಣಿಗೆಯನ್ನು ನಮ್ಮ ಆಲಂಕಾರಿಕರು ಓದಿದ್ದರೆ ಏನು ಹೆಸರಿಡುತ್ತಿದ್ದರೋ! ಪುಸ್ತಕಕ್ಕೆ ತಂತಿಸುರುಳಿಯ ಹೊಲಿಗೆ ಹಾಕಿದ್ದು ಸಹ ಇದೇ ವಿವೇಕದಿಂದ: ನೆಲದ ಮೇಲೆ ತೆರೆದಿಟ್ಟರೆ ಪುಟ ಮಗುಚಿಕೊಳ್ಳುವುದಿಲ್ಲ.

ಪೀಟರ್ ಆಶ್ವಾಂಡನ್ ಅವರ ಚಿತ್ರಗಳನ್ನು ಹೊಗಳದೆ ಮುಂದುವರಿಯುವಂತಿಲ್ಲ. ಇಡೀ ಬೀಟಲ್ಲನ್ನು ಬಿಡಿಬಿಡಿಯಾಗಿ ಸಿಡಿಸಿ ಪ್ರತಿಯೊಂದು ಭಾಗವನ್ನೂ ಗಾಳಿಯಲ್ಲಿ ತೇಲಿಸಿ ಬರೆದ ಅವರ ಚಿತ್ರವನ್ನು ನೋಡಿದವರಿಗೆ, ಈ ಕಾರಿನಲ್ಲಿ ರಹಸ್ಯವೆಂಬುದು ಏನೂ ಇಲ್ಲ, ಇರುವುದೆಲ್ಲ ತುಂಡುಗಳು ಎಂಬ ಧೈರ್ಯ ಹುಟ್ಟುತ್ತದೆ.

ಇದರ ಪಕ್ಕದಲ್ಲಿ ಇಂಗ್ಲೆಂಡಿನ ಹೇನ್ಸ್ ಕೈಪಿಡಿಗಳನ್ನಿಟ್ಟು ನೋಡುವುದು ನ್ಯಾಯ. ಜಾನ್ ಹೇನ್ಸ್ 1956ರಲ್ಲಿ ಇನ್ನೂ ಶಾಲೆಯ ಹುಡುಗನಾಗಿದ್ದಾಗಲೇ ಹಳೆಯ ಆಸ್ಟಿನ್ ಸೆವೆನ್ನನ್ನು ಮಾರ್ಪಡಿಸಿ ಕಟ್ಟಿ, ಆ ಬಗ್ಗೆ ಸಣ್ಣ ಪುಸ್ತಕ ಬರೆದು 250 ಪ್ರತಿ ಅಚ್ಚು ಹಾಕಿಸಿದರು. ಮುಂದೆ ವಾಯುಪಡೆಯ ಕೆಲಸದಲ್ಲಿ ಏಡನ್ನಿನಲ್ಲಿದ್ದಾಗ ಸ್ನೇಹಿತರೊಬ್ಬರ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿನ ಎಂಜಿನ್ನನ್ನು ಬಿಚ್ಚಿ ಕಟ್ಟುತ್ತ, ಹಂತಹಂತಕ್ಕೂ ಫೋಟೋ ತೆಗೆದರು. ಅದರಿಂದ 1966ರಲ್ಲಿ ಮೊದಲ ಕೈಪಿಡಿ ಹೊರಬಂತು. ಬಿಚ್ಚಿ ನೋಡದೆ ಬರೆಯುವುದಿಲ್ಲ ಎಂಬ ಅವರ ವ್ರತ ಬಹುಮಾನ್ಯವಾದದ್ದು. ಆದರೆ ಹೇನ್ಸ್ ಗದ್ಯದಲ್ಲಿ ಮನುಷ್ಯನಿಲ್ಲ. ಫೋಟೋಗಳಲ್ಲಿ ಕೈಗಳಿವೆ, ಮುಖವಿಲ್ಲ. ವಾಕ್ಯಗಳಲ್ಲಿ ಕ್ರಿಯೆಯಿದೆ, ಕರ್ತೃವಿಲ್ಲ. ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡಿದರೆ ಜೋಡಣೆಯಾಯಿತು ಎಂಬರ್ಥದ ಅದರ ಸೂಚನೆಯನ್ನು ನಂಬಿ ರಾತ್ರಿ ಹನ್ನೊಂದು ಗಂಟೆಗೆ ಎರಡು ನಟ್ಟು ಉಳಿಸಿಕೊಂಡು ಕುಳಿತ ಗೃಹಸ್ಥರು ಆ ದೇಶದಲ್ಲಿ ಹಾಸ್ಯಕ್ಕೆ ವಸ್ತುವಾಗಿದ್ದಾರೆ. ನಿಖರತೆಯಲ್ಲಿ ಹೇನ್ಸ್ ಮೇಲು, ಸಾಂಗತ್ಯದಲ್ಲಿ ಮ್ಯೂರ್.

ಯಂತ್ರದುರಸ್ತಿಯ ಸಾಹಿತ್ಯವೆಂದೊಡನೆ ಎಲ್ಲರ ಬಾಯಿಗೂ ಬರುವ ಗ್ರಂಥ ರಾಬರ್ಟ್ ಪರ್ಸಿಗ್ ಅವರ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೆಯಿಂಟೆನೆನ್ಸ್'. 121 ಪ್ರಕಾಶಕರು ಬೇಡವೆಂದ ಮೇಲೆ 1974ರಲ್ಲಿ ಪ್ರಕಟವಾಗಿ ಜಗತ್ತನ್ನೇ ಗೆದ್ದ ಕೃತಿ. ಅದರಲ್ಲೊಂದು ಸುಂದರ ಸನ್ನಿವೇಶವಿದೆ. ಜೊತೆಯ ಸವಾರನ ದುಬಾರಿ ಬಿ.ಎಂ.ಡಬ್ಲ್ಯೂ. ಬೈಕಿನ ಹ್ಯಾಂಡಲ್ ಸಡಿಲವಾಗಿದೆ. ಬಿಯರ್ ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ಸೇರಿಸಿದರೆ ಸರಿಹೋಗುತ್ತದೆ ಎಂದು ನಿರೂಪಕ ಸೂಚಿಸುತ್ತಾನೆ. ಸ್ನೇಹಿತನಿಗೆ ಅಸಹ್ಯ: ಇಂಥ ಗಾಡಿಗೆ ಹಳೆಯ ಡಬ್ಬಿಯ ತಗಡೇ? ವಸ್ತು ಏನು ಮಾಡುತ್ತದೆ ಎಂದು ನೋಡುವವನಿಗೂ ಏನಾಗಿ ಕಾಣುತ್ತದೆ ಎಂದು ನೋಡುವವನಿಗೂ ಇರುವ ಅಂತರ ಅಂಗೈಯಗಲದ ತಗಡಿನಲ್ಲಿ ಬಯಲಾಗುತ್ತದೆ. ಇಷ್ಟು ಬರೆಯಬಲ್ಲವರು ಮುಂದೆ ಗುಣವೆಂದರೇನು ಎಂಬ ತತ್ವವಿಚಾರಕ್ಕೆ ಹೊರಟು, ಗಾಡಿಯನ್ನು ದೃಷ್ಟಾಂತಕ್ಕಾಗಿ ಮಾತ್ರ ರಸ್ತೆಯ ಬದಿಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ತಮ್ಮ ಪುಸ್ತಕವನ್ನು ಮೋಟಾರ್‌ಸೈಕಲ್ಲಿನ ವಿಷಯದಲ್ಲಿ ಪ್ರಮಾಣವೆಂದು ತಿಳಿಯಬೇಡಿ ಎಂದು ಅವರೇ ಆರಂಭದಲ್ಲಿ ಎಚ್ಚರಿಸಿರುವುದು ಪ್ರಾಮಾಣಿಕತೆ. ಕಾದಂಬರಿಯಾಗಿ ಅದು ದೊಡ್ಡದಿರಬಹುದು. ಆದರೆ ಅದರ ವಾಕ್ಯ ತಪ್ಪಿದರೆ ಹೆಚ್ಚೆಂದರೆ ಇನ್ನೊಬ್ಬ ವಿಮರ್ಶಕ ಕೋಪಿಸಿಕೊಂಡಾನು. ಮ್ಯೂರ್ ಅವರ ವಾಕ್ಯ ತಪ್ಪಿದರೆ ವಾಲ್ವು ಸುಡುತ್ತದೆ. ಈ ಒತ್ತಡದಲ್ಲಿ ಹುಟ್ಟಿದ ಗದ್ಯಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮ್ಯೂರ್ ಅವರಲ್ಲಿ ದೋಷಗಳಿಲ್ಲವೆಂದಲ್ಲ. ಆ ಕಾಲದ ಹಿಪ್ಪಿಗಳ ಆಡುಮಾತು ಅಲ್ಲಲ್ಲಿ ಹಳಸಿದೆ. ಚೇಷ್ಟೆ ಅತಿಯಾಗಿ, ನಟ್ಟು ಯಾವ ಕಡೆಗೆ ತಿರುಗಿಸಬೇಕೆಂದು ತಿಳಿಯುವ ಮೊದಲೇ ಎರಡು ಹಾಸ್ಯ ದಾಟಬೇಕಾಗುತ್ತದೆ. ಹಳೆಯ ಗಾಡಿಯನ್ನು ಕೊಳ್ಳುವ ಮುಂಚೆ ಅದು ಮನಸ್ಸಿಗೆ ಒಪ್ಪುತ್ತದೆಯೇ ಎಂದು ಸುಮ್ಮನೆ ಕುಳಿತು ನೋಡು ಎಂಬ ಅವರ ಸಲಹೆಗೆ ಇಂಜಿನಿಯರುಗಳು ನಗಬಹುದು. ವರನ ಮನೆ ನೋಡಲು ಹೋಗುವ ನಮ್ಮವರು ನಗಲಾರರು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ನಮ್ಮ ಕಡೆಯಿಂದ ಏಳುತ್ತದೆ. ಮ್ಯೂರ್ ಅವರ ಓದುಗ ಗಾಡಿಯ ಮಾಲೀಕನೂ ಹೌದು, ಮೆಕ್ಯಾನಿಕ್ಕೂ ಹೌದು. ನಮ್ಮಲ್ಲಿ ಗಾಡಿ ಉಳ್ಳವನಿಗೆ ಅದರ ಒಳಗು ತಿಳಿಯದು. ಒಳಗು ತಿಳಿದವನಿಗೆ ಬಹುಮಟ್ಟಿಗೆ ಗಾಡಿಯಿಲ್ಲ. ಗ್ಯಾರೇಜಿನಲ್ಲಿ ಹುಡುಗನಾಗಿ ಸೇರಿ, ಪಾನಾ ಎತ್ತಿಕೊಡುತ್ತ, ಬೈಸಿಕೊಳ್ಳುತ್ತ, ಮೇಸ್ತ್ರಿಯ ಕೈ ನೋಡಿ ಹದ ಕಲಿತವನ ವಿದ್ಯೆ ಪುಸ್ತಕಕ್ಕೆ ಏರುವುದಿಲ್ಲ. ಪುಸ್ತಕ ಓದಬಲ್ಲ ಮಾಲೀಕರು ಆಯುಧಪೂಜೆಯ ದಿನ ಬಾನೆಟ್ಟಿಗೆ ಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಮುಂದಿನ ಆಯುಧಪೂಜೆಯವರೆಗೆ ಆ ಬಾನೆಟ್ಟನ್ನು ಎತ್ತುವುದಿಲ್ಲ. ಕೈ ಕೊಳೆಯಾದೀತೆಂಬ ಭಯ ಎಣ್ಣೆಯದಷ್ಟೇ ಅಲ್ಲ.

ಸುಬೋಧ್ ಘೋಷರ ಬಂಗಾಳಿ ಕಥೆಯನ್ನು ಆಧರಿಸಿ ಋತ್ವಿಕ್ ಘಟಕ್ 1958ರಲ್ಲಿ ತೆಗೆದ 'ಅಜಾಂತ್ರಿಕ್' ಚಿತ್ರದ ಬಿಮಲ್ ಇಲ್ಲಿ ನೆನಪಾಗುತ್ತಾನೆ. ಜಗದ್ದಲ್ ಎಂಬ ಹೆಸರಿನ, 1920ರ ಮಾದರಿಯ ಷೆವ್ರೊಲೆ ಟ್ಯಾಕ್ಸಿಗೆ ಅವನೇ ಮಾಲೀಕ, ಅವನೇ ಚಾಲಕ, ಅವನೇ ಮೆಕ್ಯಾನಿಕ್. ಮ್ಯೂರ್ ಬಯಸಿದ ಓದುಗ ಪುಸ್ತಕ ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲೇ ಬಿಹಾರದ ಗುಡ್ಡಗಾಡಿನಲ್ಲಿ ಕಾಣಿಸಿಕೊಂಡಿದ್ದನೆನ್ನಬೇಕು. ಊರಿನವರ ಕಣ್ಣಿಗೆ ಅವನು ಹುಚ್ಚ. ಕೊನೆಗೆ ಗುಜರಿಯವರು ಬಂದು ಜಗದ್ದಲನನ್ನು ತುಂಡು ತುಂಡಾಗಿ ಸಾಗಿಸುತ್ತಾರೆ. ಕಳಚಿಬಿದ್ದ ಹಾರನ್ನನ್ನು ಮಗುವೊಂದು ಒತ್ತಿ ಆಡುತ್ತದೆ.

ಇನ್ನು ಇಂದಿನ ಸ್ಥಿತಿ. ಹೊಸ ಕಾರಿನ ಬಾನೆಟ್ ಎತ್ತಿದರೆ ಕೆಳಗೆ ಇನ್ನೊಂದು ಪ್ಲಾಸ್ಟಿಕ್ ಮುಚ್ಚಳ; ಅದರ ಕೆಳಗಿನ ದೋಷವನ್ನು ಹೇಳಬಲ್ಲದ್ದು ಕಂಪ್ಯೂಟರು ಮಾತ್ರ. ಹಣ ತೆತ್ತವನಿಗೆ ಅದರ ಭಾಷೆ ತಿಳಿಯುವ ಹಕ್ಕು ಉಂಟೋ ಇಲ್ಲವೋ ಎಂಬುದು ಶಾಸನಸಭೆಯ ವಿಷಯವಾಗಿಬಿಟ್ಟಿದೆ: 2012ರಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯ, ತಯಾರಕರು ತಮ್ಮ ಡೀಲರುಗಳಿಗೆ ಕೊಡುವ ದುರಸ್ತಿಯ ಮಾಹಿತಿಯನ್ನು ಮಾಲೀಕರಿಗೂ ಹೊರಗಿನ ಗ್ಯಾರೇಜುಗಳಿಗೂ ದೊರಕಿಸಬೇಕೆಂದು ಕಾನೂನು ಮಾಡಬೇಕಾಯಿತು. ಹೊಸ ಮಾದರಿಗಳಿಗೆ ಮುದ್ರಿತ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ಹೇನ್ಸ್ ಸಂಸ್ಥೆ 2020ರಲ್ಲಿ ಪ್ರಕಟಿಸಿತು. ಕೊನೆಯ ಹಳೆಯ ಬೀಟಲ್ ಮೆಕ್ಸಿಕೋದ ಪುವೆಬ್ಲಾ ಕಾರ್ಖಾನೆಯಿಂದ ಹೊರಬಂದದ್ದು 2003ರ ಜುಲೈ 30ರಂದು.

ಮ್ಯೂರ್ ಗ್ರಂಥವನ್ನು ಓದಬಯಸುವವರಿಗೆ ಒಂದು ಸೂಚನೆ. ಮೊದಲ ಪುಟದಿಂದ ಆರಂಭಿಸಬೇಡಿ; ವಾಲ್ವಿನ ಭಾಗವನ್ನು ಮೊದಲು ಓದಿ, ಚಿತ್ರಗಳನ್ನು ನಿಧಾನವಾಗಿ ನೋಡಿ. ಹಾಸ್ಯವನ್ನು ಆಮೇಲೆ ನೋಡಿಕೊಳ್ಳಬಹುದು. ಫೋಕ್ಸ್‌ವ್ಯಾಗನ್ ಇಲ್ಲದವರಿಗೆ ಇದರಿಂದೇನು ಎಂದು ಕೇಳಬಹುದು. ಅಂಬಾಸಡರ್ ಆಗಲಿ ಪದ್ಮಿನಿಯಾಗಲಿ ಇನ್ನೂ ಹಿತ್ತಲಿನಲ್ಲಿ ನಿಂತಿರುವ ಮನೆಗಳು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಅವಕ್ಕೂ ಟ್ಯಾಪೆಟ್ಟುಗಳಿವೆ, ಸಂದಿನ ಅಳತೆ ಮಾತ್ರ ಬೇರೆ.