ಗೋಳದ ಘನಫಲ: ಮಹಾವೀರಾಚಾರ್ಯನ ಸೂತ್ರಗಳ ಪರೀಕ್ಷೆ

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಗೋಳದ ಘನಫಲಕ್ಕೆ ಎರಡು ಸೂತ್ರಗಳನ್ನು ಕೊಟ್ಟಿರುವನು: ವ್ಯಾಸಾರ್ಧದ ಘನದ ನಾಲ್ಕೂವರೆ ಮಡಿ ಸ್ಥೂಲ, ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮ. ನಾಡಿನ ಮೇಲಣ ಅಭಿಮಾನದಿಂದ ಇವನ್ನು ನಿರ್ದುಷ್ಟವೆಂದು ಹೊಗಳುವುದು ವಿಮರ್ಶೆಯೆನಿಸದು. ಹೂವಿನಹಡಗಲಿಯ ಪ್ರೌಢಶಾಲೆಯ ವಿದ್ಯಾರ್ಥಿಯೂ ಬಿಡಿಸಬಲ್ಲ ಲೆಕ್ಕವೊಂದು ಇವಕ್ಕೆ ಒರೆಗಲ್ಲಾಗಬಲ್ಲುದು. 3 ಅಂಗುಲ ವ್ಯಾಸಾರ್ಧದ ಲೋಹದ ಗುಂಡನ್ನು ಕರಗಿಸಿ, ಅಂಗುಲದ ಬಾಹುವುಳ್ಳ ಘನಗಳನ್ನು ಎರಕ ಹೊಯ್ದರೆ, ಲೋಹವು ನಷ್ಟವಾಗದಿದ್ದಲ್ಲಿ 113 ಘನಗಳು ದೊರೆಯಬೇಕು. ಸ್ಥೂಲಸೂತ್ರದಂತೆ 121, ಸೂಕ್ಷ್ಮದಂತೆ 109 ಬರುತ್ತವೆ. ಸೂಕ್ಷ್ಮವೆಂಬುದೂ ನಿಖರವಲ್ಲ, ಆದರೆ ದೋಷವು ಎಂಟರಿಂದ ನಾಲ್ಕಕ್ಕೆ ಇಳಿಯಿತು. ನಿಷ್ಕೃಷ್ಟವಾದ ನಿಯಮವು 1150ರ ಸುಮಾರಿಗೆ ಭಾಸ್ಕರನ ‘ಲೀಲಾವತಿ’ಯಲ್ಲಿ ದೊರೆಯುವುದು. ಸ್ಥೂಲವನ್ನು ಸ್ಥೂಲವೆಂದೇ ಹೇಳಿ ತಿದ್ದಲೆಳಸಿದ ಪ್ರಾಮಾಣಿಕತೆಯೇ ಮಹಾವೀರನ ನಿಜವಾದ ಹಿರಿಮೆ. ಇತಿಹಾಸಕಾರನು ಎತ್ತಿಹೇಳಬೇಕಾದುದು ಅದನ್ನು.