ಗೊಂಬೆಯ ಕಣ್ಣಿನ ಎತ್ತರದಲ್ಲಿ

ಹದಿನೆಂಟು ವರ್ಷ ಅಟ್ಟದ ಮೇಲಿದ್ದ ಟ್ರಂಕನ್ನು ಕಳೆದ ನವರಾತ್ರಿಗೆ ಕೆಳಗಿಳಿಸಿದೆ. ಹಳೆ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು, ಅರಗಿನ ಹೊಳಪು ಮಾಸದ ಚನ್ನಪಟ್ಟಣದ ಮರದ ಗೊಂಬೆಗಳು, ಮಣ್ಣಿನ ಶೆಟ್ಟಿ-ಶೆಟ್ಟಮ್ಮ ಎಲ್ಲವೂ ಹಾಗೇ ಇದ್ದವು. ಕೂರಿಸಿ, ಆರತಿ ಎತ್ತಿ, ಫೋಟೊ ತೆಗೆದೆ. ಮೆಟ್ಟಿಲ ಮೇಲೆ ಕಣ್ತುಂಬಿದ್ದ ಗೊಂಬೆಗಳು ಫೋಟೊದಲ್ಲಿ ಅಂಗಡಿಯ ಸರಕಿನಂತೆ ಕಂಡವು. ಯಾಕೆ ಹೀಗಾಯಿತು ಎಂದು ಹುಡುಕುತ್ತಲೇ ಗೊಂಬೆ ಜೋಡಿಸುವ ಈ ಹವ್ಯಾಸಕ್ಕೆ ಮರಳಿದೆ.

ನಮ್ಮ ದಸರಾ ಗೊಂಬೆಯಲ್ಲಿ ಎರಡು ಕಲೆಗಳಿವೆ. ಒಂದು, ಬೆಸ ಸಂಖ್ಯೆಯ ಮೆಟ್ಟಿಲುಗಳ ಸಾಲು. ಅದು ಎದುರು ನಿಂತು ಕೈಮುಗಿಯಲಿಕ್ಕೆ. ಇನ್ನೊಂದು, ಮೆಟ್ಟಿಲ ಪಕ್ಕ ನೆಲದ ಮೇಲೆ ಮಕ್ಕಳು ಕಟ್ಟುವ ಪಾರ್ಕು, ಜಾತ್ರೆ, ಜಂಬೂಸವಾರಿ. ಸಾಸಿವೆ ಮೊಳಕೆಯ ಹುಲ್ಲುಹಾಸು, ಕನ್ನಡಿಯ ಕೊಳ, ಬಣ್ಣ ಹಾಕಿದ ಮರದ ಹೊಟ್ಟಿನ ದಾರಿ. ಇಂದು ಡಯೊರಾಮಾ ಎನ್ನುವುದು ಇದನ್ನೇ. ಮೆಟ್ಟಿಲಿಗೆ ಶ್ರದ್ಧೆ ಸಾಕು. ದೃಶ್ಯಕ್ಕೆ ಅಳತೆಯೂ ಬೇಕು.

ಶೆಟ್ಟಿಯ ಅಂಗಡಿಯನ್ನೇ ನೋಡಿ. ಐದು ಅಂಗುಲ ಎತ್ತರಕ್ಕೆ ಕೂತ ಶೆಟ್ಟಿ ನಿಜದ ಮನುಷ್ಯನ ಏಳನೇ ಒಂದು ಪಾಲು. ಅವನ ಮುಂದೆ ಸುರಿದ ಅಕ್ಕಿಯ ಒಂದೊಂದು ಕಾಳೂ ಫೋಟೊದಲ್ಲಿ ಖರ್ಜೂರದಷ್ಟು ದೊಡ್ಡದಾಗುತ್ತದೆ. ಪೂಜೆಗೆ ನಿಜವಾದ ಅಕ್ಕಿಯೇ ಸರಿ; ಅದು ಸಮೃದ್ಧಿಯ ಗುರುತು. ಚಿತ್ರಕ್ಕೆ ಮಾತ್ರ ರವೆ ಸುರಿದೆ. ರವೆಯೇ ಅಕ್ಕಿಯಾಯಿತು, ಅಂಗಡಿ ಅಂಗಡಿಯಾಯಿತು.

ಕ್ಯಾಮೆರಾದ ಪಾಠವೂ ಇಷ್ಟೇ ಸೂಕ್ಷ್ಮ. ನಿಂತು ತೆಗೆದರೆ ಗೊಂಬೆ ಗೊಂಬೆಯಾಗಿಯೇ ಉಳಿಯುತ್ತದೆ. ಫೋನನ್ನು ತಲೆಕೆಳಗಾಗಿ ಹಿಡಿದು ಲೆನ್ಸನ್ನು ಗೊಂಬೆಯ ಕಣ್ಣಿನ ಎತ್ತರಕ್ಕೆ ಇಳಿಸಿದರೆ ಶೆಟ್ಟಿ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ತೀರಾ ಹತ್ತಿರ ಹೋದರೆ ಹಿಂದು-ಮುಂದೆಲ್ಲ ಮಸುಕಾಗುತ್ತದೆ, ಆ ಮಸುಕೇ ಇದು ಚಿಕ್ಕದೆಂದು ಹೇಳಿಬಿಡುತ್ತದೆ. ನಿಜವಾದ ನಗರದ ಚಿತ್ರವನ್ನೂ ಮೇಲೆ-ಕೆಳಗೆ ಮಸುಕಾಗಿಸಿದರೆ ಆಟಿಕೆಯಂತೆ ಕಾಣುವುದು ಇದರಿಂದಲೇ. ಹಾಗಾಗಿ ತುಸು ಹಿಂದೆ ಸರಿದು ಜೂಮ್ ಮಾಡಬೇಕು. ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಒಂದೇ ಬೆಳಕಲ್ಲಿ ತೆಗೆಯಬೇಕು. ಸೂರ್ಯ ಒಬ್ಬನೇ ತಾನೆ?

ಮತ್ತೆ ಅಳತೆಯ ಮಾತಿಗೆ ಬಂದರೆ, 1959ರಲ್ಲಿ ಬಂದ ಬಾರ್ಬಿ ಗೊಂಬೆಯ ಎತ್ತರ 11.5 ಅಂಗುಲ. ಸಂಗ್ರಹಕಾರರು ಅದನ್ನು 1:6 ಅಳತೆ ಎನ್ನುತ್ತಾರೆ. ಅದಕ್ಕೊಪ್ಪುವ ಕುರ್ಚಿ, ಪಾತ್ರೆಗಳೂ ಮಾರಾಟಕ್ಕಿವೆ. ಚನ್ನಪಟ್ಟಣ, ಕಿನ್ನಾಳಗಳ ಗೊಂಬೆಗಳಿಗೆ ಅಂಥ ಒಂದೇ ಅಳತೆಯಿಲ್ಲ. ಅದು ಕೊರತೆಯಲ್ಲ. ಆದರೆ ಆನೆಯ ಹೆಗಲಿಗೆ ಬರುವ ಸಿಪಾಯಿಯನ್ನು ಮೆರವಣಿಗೆಯಲ್ಲಿ ನಿಲ್ಲಿಸಿದರೆ ಮೆರವಣಿಗೆ ನಂಬಿಸುವುದಿಲ್ಲ. ಯಾವ ಗೊಂಬೆ ಯಾವುದರ ಪಕ್ಕ ನಿಲ್ಲಬಹುದೆಂದು ನಾವೇ ಆರಿಸಬೇಕು.

ಇಂದಿನ ರೂಢಿಯ ಮೇಲೆ ನನ್ನ ಆಕ್ಷೇಪವೂ ಅಲ್ಲೇ. ವರ್ಷಕ್ಕೊಂದು ಸಿದ್ಧ ಸೆಟ್ ಕೊಂಡು ಸಾಲು ಉದ್ದ ಮಾಡುವುದರಲ್ಲೇ ಹವ್ಯಾಸ ಮುಗಿಯುತ್ತಿದೆ; ನೋಡುವುದಕ್ಕೆ ಪುರುಸೊತ್ತಿಲ್ಲ. ಸಂಗ್ರಹದ ಬೆಲೆ ಎಣಿಕೆಯಲ್ಲಿಲ್ಲ. ಕ್ಯಾಮೆರಾ ಹಿಡಿದು ನೆಲಕ್ಕೆ ಕೂತ ಮೇಲೆಯೇ, ಶೆಟ್ಟಮ್ಮನ ಎಡಗೈ ಬಳೆಯ ಬಣ್ಣವನ್ನು ಯಾರೋ ಬೇರೆ ಕುಂಚದಿಂದ ತಿದ್ದಿದ್ದಾರೆಂದು ನನಗೆ ತಿಳಿದದ್ದು. ನಲವತ್ತು ವರ್ಷ ಮನೆಯಲ್ಲಿದ್ದ ಗೊಂಬೆ ಅದು.

ಈ ನವರಾತ್ರಿಗೆ ಹೊಸ ಸೆಟ್ ಬೇಡ. ಇರುವುದರಲ್ಲೇ ಒಂದು ಗೊಂಬೆ ಆರಿಸಿ, ಮಕ್ಕಳನ್ನು ಪಕ್ಕಕ್ಕೆ ಕರೆದು, ನೆಲಕ್ಕೆ ಕೂತು ಅದರ ಕಣ್ಣಿನ ಎತ್ತರದಿಂದ ಒಮ್ಮೆ ನೋಡಿ.